ಹನ್ನೊಂದನೆಯದು ರಿಜೆಕ್ಟ್!

ಓಡುವವರನ್ನು ಕಂಡರೆ ಓಡದವರಿಗೆ ಇರೋದು ಒಂದೇ ಪ್ರಶ್ನೆ. "ಯಾಕ್ರೀ ಓಡ್ತೀರಾ?"

ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಕು, ಬಸ್ಸು ಹೊರಟಿದ್ದರೆ ಓಡಬೇಕು, ಸರಿ. ಅದು ಬಿಟ್ಟು, ದುಡ್ಡು ಕೊಟ್ಟು ಬೂಟು ತಗೊಂಡು, ಬೆಳಗಿನ ಐದೂವರೆಗೆ ಎದ್ದು, ಹೊರಟ ಗೇಟಿಗೇ ವಾಪಸ್ಸು ಬರೋದಕ್ಕೆ ಯಾರಾದರೂ ಓಡ್ತಾರಾ? ನಮ್ಮ ಬೀದಿಯ ಅಜ್ಜಿಯೊಬ್ಬರು ನನ್ನ ಓಟಕ್ಕೆ "ಎಲ್ಲಿಗೂ ಹೋಗದ ಓಟ" ಅಂತ ಹೆಸರಿಟ್ಟಿದ್ದಾರೆ. ಇದಕ್ಕಿಂತ ಒಳ್ಳೆ ಹೆಸರು ನನಗಂತೂ ಹೊಳೆದಿಲ್ಲ :-)

ಮೊದಮೊದಲು ನನ್ನ ಉತ್ತರ ಸರಳವಾಗಿತ್ತು. ಸಕ್ಕರೆ! 2022ರ ಜನವರಿಯಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಡಯಾಬಿಟಿಸ್ಸಿನ ಹೊಸ್ತಿಲ ಮೇಲೆ ನಿಂತಿದ್ದೀರಿ ಅಂತ ಅರ್ಥ, 6.5 ಆದರೆ ಒಳಗೇ ಕಾಲಿಟ್ಟ ಹಾಗೆ. ಹೊಸ್ತಿಲ ಮೇಲೆ ನಿಲ್ಲಬಾರದು ಅಂತ ಚಿಕ್ಕಂದಿನಿಂದ ಅಮ್ಮ ಹೇಳುತ್ತಿದ್ದಳಲ್ಲ, ಹಾಗಾಗಿ ನಡೆಯೋಕೆ ಶುರು ಮಾಡಿದೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಆಮೇಲೆ ಎರಡು ಓಟ, ಒಂದು ನಡಿಗೆ. ಎಂಟು ತಿಂಗಳಲ್ಲಿ ನಿಲ್ಲದೆ ಐದು ಕಿಲೋಮೀಟರು ಬಂತು.

ನಮ್ಮ ಬಾಣಸವಾಡಿ ಓಡೋದಕ್ಕೆ ಹೇಳಿ ಮಾಡಿಸಿದ ಜಾಗವೇನಲ್ಲ. ಕಬ್ಬನ್ ಪಾರ್ಕಿನ ಹಾಗೆ ನೆರಳಿನ ದಾರಿ ಇಲ್ಲ, ಕಂಠೀರವದ ಹಾಗೆ 400 ಮೀಟರಿನ ಟ್ರ್ಯಾಕಿಲ್ಲ. ಓ.ಎಂ.ಬಿ.ಆರ್. ಲೇಔಟಿನ ಅಡ್ಡರಸ್ತೆಗಳಲ್ಲಿ ಹೊರಟು, ಬಾಣಸವಾಡಿ ಮೇನ್ ರೋಡಿಗೆ ಬಿದ್ದು, ಆಂಜನೇಯನ ಗುಡಿಯ ಮುಂದೆ ಒಂದು ಕೈ ಎದೆಗೆ ಮುಟ್ಟಿಸಿಕೊಂಡು (ಓಡುವವರ ದೇವರಲ್ಲವೇ!), ಸುಬ್ಬಯ್ಯನಪಾಳ್ಯದ ಕಡೆ ತಿರುಗಿ, ಕಮ್ಮನಹಳ್ಳಿಯ ಅಂಚು ಮುಟ್ಟಿ ವಾಪಸ್ಸು. ಫುಟ್‌ಪಾತಿನಲ್ಲಿ ಟ್ರಾನ್ಸ್‌ಫಾರ್ಮರು, ಅದರ ಪಕ್ಕ ಎಳನೀರಿನ ಗಾಡಿ, ಅದರ ಪಕ್ಕ ಮಲಗಿರೋ ನಾಯಿ. ನಂದಿನಿ ಬೂತಿನ ಮುಂದೆ ಕನ್ನಡ, ತಮಿಳು, ತೆಲುಗು, ಮಲಯಾಳ ಎಲ್ಲದರಲ್ಲೂ ಹಾಲು ಕೇಳೋ ಜನ. ಆದರೂ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ ನೋಡಿ, ಬೇಸಿಗೆಯಲ್ಲೂ ಆರು ಗಂಟೆಯೊಳಗೆ ಮುಖಕ್ಕೆ ತಣ್ಣನೆ ಗಾಳಿ ಸಿಗುತ್ತೆ.

ಆದರೆ ಇದ್ಯಾವುದನ್ನೂ ಆಗ ನಾನು ಅಷ್ಟಾಗಿ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ವಾಚನ್ನು. ಒಂದು ಕಿಲೋಮೀಟರಿಗೆ 6 ನಿಮಿಷ 40 ಸೆಕೆಂಡು. ನಿನ್ನೆ 6.45. ನಾಳೆ 6.35 ಆಗಬಹುದು. 2024ರ ಏಪ್ರಿಲ್ 28ರ ಭಾನುವಾರ ವರ್ಲ್ಡ್ 10ಕೆ ಇತ್ತಲ್ಲ, 2008ರಿಂದ ಬೆಂಗಳೂರಿನಲ್ಲಿ ನಡೀತಾ ಬಂದಿರೋ ಓಟ, ಅದಕ್ಕೆ ಹೆಸರು ಕೊಟ್ಟಾಗಿತ್ತು. ಗುರಿ 65 ನಿಮಿಷ.

ಫೆಬ್ರುವರಿಯಲ್ಲಿ ಅಪ್ಪ ಬಚ್ಚಲಲ್ಲಿ ಬಿದ್ದರು.

76 ವರ್ಷ. ತೊಡೆಯ ಸಂದಿನ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ರಾಡು ಹಾಕಿದರು. ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿಯೂ ಬಿಟ್ಟರು. "ಇಷ್ಟು ಬೇಗ ಯಾಕೆ ಡಾಕ್ಟ್ರೇ?" ಅಂದೆ. ಅವರು ಪಕ್ಕಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. ಈ ವಯಸ್ಸಿನಲ್ಲಿ ಈ ಮೂಳೆ ಮುರಿದರೆ ಐದರಲ್ಲಿ ಒಬ್ಬರಾದರೂ ವರ್ಷದೊಳಗೆ ಹೋಗಿಬಿಡುತ್ತಾರೆ. ಮೂಳೆ ಮುರಿದದ್ದಕ್ಕಿಂತ ಹೆಚ್ಚಾಗಿ ಹಾಸಿಗೆ ಹಿಡಿದದ್ದಕ್ಕೆ. ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು, ಮಾಂಸಖಂಡ ಕರಗಿಹೋಗೋದು... ನಿಲ್ಲೋದೇ ಔಷಧಿ, ನಡೆಯೋದೇ ಔಷಧಿ.

ಆ ಮಾತು ಕೇಳಿದ ಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ವಾಚು ಕೈಯಲ್ಲೇ ಇತ್ತು.

ಇದಾಗಿ ಒಂದು ತಿಂಗಳಿಗೆ, ಮಾರ್ಚ್ ಕೊನೆಯಲ್ಲಿ, ನನ್ನ ಸರದಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಬಲಗಾಲ ಹಿಮ್ಮಡಿಯ ಮೇಲೆ ಚುಚ್ಚಿದ ಹಾಗೆ ನೋವು. ಹತ್ತು ಹೆಜ್ಜೆ ನಡೆದರೆ ಕಡಿಮೆ, ಓಡಿ ಬಂದರೆ ಮಾರನೇ ದಿನ ಜಾಸ್ತಿ. ಅಪ್ಪನಿಗೆ ವ್ಯಾಯಾಮ ಹೇಳಿಕೊಡೋಕೆ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ಎರಡೇ ಬೆರಳಲ್ಲಿ ಒತ್ತಿ ನೋಡಿ, "ಅಕಿಲಿಸ್ ಟೆಂಡನ್ ಸಾರ್. 12 ವಾರ" ಅಂದಳು. ಮೂರು ವಾರವೂ ಅಲ್ಲ, ಆರು ವಾರವೂ ಅಲ್ಲ! ಏಪ್ರಿಲ್ 28 ಅಲ್ಲಿಗೆ ಮುಗೀತು.

ಆವತ್ತು ಅವಳು ಹೇಳಿದ ಕತೆ ನಿಮಗೂ ಹೇಳಬೇಕು, ತುಂಬಾ ಚೆನ್ನಾಗಿದೆ. ಸ್ವೀಡನ್ನಿನಲ್ಲಿ ಹೋಕನ್ ಆಲ್ಫ್ರೆಡ್ಸನ್ ಅಂತ ಒಬ್ಬ ಮೂಳೆ ಡಾಕ್ಟರು. ಅವರಿಗೇ ಇದೇ ನೋವು, ಅವರೂ ಓಡುವವರು. ಆಪರೇಷನ್ ಮಾಡಿ ಅಂತ ತಮ್ಮ ಬಾಸನ್ನು ಕೇಳಿದರೆ, ಟೆಂಡನ್ ಹರಿದಿದ್ದರೆ ಮಾಡಬಹುದು, ಇಲ್ಲದಿದ್ದರೆ ಇಲ್ಲ ಅಂದರಂತೆ. ಸರಿ, ಹರಿದೇ ಹೋಗಲಿ ಅಂತ ಈ ಮನುಷ್ಯ ಮೆಟ್ಟಿಲ ಅಂಚಿನಲ್ಲಿ ನಿಂತು ಭಾರ ಹೊತ್ತು ಹಿಮ್ಮಡಿಯನ್ನು ಕೆಳಗಿಳಿಸೋಕೆ ಶುರು ಮಾಡಿದರು, ನೋವಾದರೂ ಬಿಡದೆ. ಹರಿಯಲಿಲ್ಲ, ವಾಸಿಯಾಯಿತು! 1998ರಲ್ಲಿ ಅದನ್ನೇ 15 ಜನ ಓಟಗಾರರ ಮೇಲೆ ಪ್ರಯೋಗ ಮಾಡಿ ಪ್ರಕಟಿಸಿದರು. ಇವತ್ತಿಗೂ ಆ ಚಿಕಿತ್ಸೆ ಅವರ ಹೆಸರಲ್ಲೇ ಇದೆ.

ಕಾರಣ ಏನಪ್ಪಾ ಅಂದರೆ, ಟೆಂಡನ್ನಿಗೆ ರಕ್ತ ಸಂಚಾರ ಕಡಿಮೆ. ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳೋದು ಬಲು ನಿಧಾನ. ಪೂರ್ತಿ ವಿಶ್ರಾಂತಿ ಕೊಟ್ಟರೆ ನೋವು ಇಳಿಯುತ್ತೆ, ಆದರೆ ಬಲ ಬರೋದಿಲ್ಲ. ಅದಕ್ಕೆ ಸ್ವಲ್ಪ ಸ್ವಲ್ಪವೇ ಭಾರ ಹೊರಿಸಬೇಕು, ದಿನಾ ಹೊರಿಸಬೇಕು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಬಗ್ಗಿಸಿ 15ರಂತೆ ಮೂರು ಸಲ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ. ಒಟ್ಟು ದಿನಕ್ಕೆ 180.

ಅಪ್ಪನಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಕುರ್ಚಿಯಿಂದ ಏಳೋದು, ಕೂರೋದು. ಕಾಲು ಪಕ್ಕಕ್ಕೆತ್ತೋದು, ಇಳಿಸೋದು. ಇಬ್ಬರಿಗೂ ಒಂದೇ ಪಾಠ, ಒಬ್ಬಳೇ ಟೀಚರು.

ಇಲ್ಲಿ ನನ್ನ ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಅವರು ದೂರವಾಣಿನಗರದ ಐಟಿಐನಲ್ಲಿ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದವರು. ಬಾಣಸವಾಡಿಯಿಂದ ಬೆನ್ನಿಗಾನಹಳ್ಳಿ, ಟಿನ್ ಫ್ಯಾಕ್ಟರಿ ದಾಟಿ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ಆ ಕಾಲದ ಕಪ್ಪು ಫೋನು ನೆನಪಿದೆಯಾ, ಬೆರಳು ಹಾಕಿ ತಿರುಗಿಸೋದು? ಡಯಲ್ ಬಿಟ್ಟಾಗ ಅದು ಸೆಕೆಂಡಿಗೆ 10 ಪಲ್ಸಿನ ಲೆಕ್ಕದಲ್ಲಿ ವಾಪಸ್ಸು ಬರಬೇಕು. ಬೇಗ ಬಂದರೂ ರಿಜೆಕ್ಟ್, ನಿಧಾನ ಆದರೂ ರಿಜೆಕ್ಟ್. ಅಳೆಯೋಕೆ ಯಂತ್ರ ಇತ್ತು, ಆದರೆ ಅಪ್ಪ ಕಿವಿಯಲ್ಲೇ ಹೇಳಿಬಿಡುತ್ತಿದ್ದರಂತೆ. ಇದು ಅವರೇ ಹೇಳೋದು, ಸಾಕ್ಷಿ ಯಾರೂ ಇಲ್ಲ :-) ಅವರ ಇನ್ನೊಂದು ಹೆಮ್ಮೆ ಕೆನೆತ್ ಪೊವೆಲ್. ಕೋಲಾರದಿಂದ ಬಂದು ಐಟಿಐನಲ್ಲಿ ಕೆಲಸ ಮಾಡುತ್ತಾ 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಓಡಿದ ಸ್ಪ್ರಿಂಟರು, 1965ರ ಅರ್ಜುನ ಪ್ರಶಸ್ತಿ. 2022ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಅಪ್ಪ ಪೇಪರು ಮಡಿಸಿಟ್ಟು, "ನಮ್ಮ ಫ್ಯಾಕ್ಟರಿಯವರು" ಅಂದಿದ್ದರು. ಅಪ್ಪ ಸೇರಿದ್ದು 1970ರಲ್ಲಿ. ಆದರೂ ನಮ್ಮವರು!

ಸರಿ, ನಾನು ಮೂರನೇ ಮೆಟ್ಟಿಲಲ್ಲಿ ನಿಂತು ಹಿಮ್ಮಡಿ ಇಳಿಸೋದು, ಅಪ್ಪ ಎದುರು ಕುರ್ಚಿಯಲ್ಲಿ ಕೂತು ಎಣಿಸೋದು. ಎರಡನೇ ದಿನಕ್ಕೇ ಇನ್ಸ್‌ಪೆಕ್ಟರು ಎಚ್ಚರಾದರು.

"ಎಂಟು... ಒಂಬತ್ತು... ಹತ್ತು... ಹನ್ನೊಂದು ರಿಜೆಕ್ಟ್."

"ಯಾಕಪ್ಪಾ?"

"ದಡ್ ಅಂತ ಬಿಟ್ಟೆ. ಡಯಲ್ ವಾಪಸ್ಸು ಬರೋ ಹಾಗೆ ಇಳೀಬೇಕು, ಒಂದೇ ಸಮ. ಇನ್ನೊಂದ್ಸಲ ಮಾಡು."

ಫಿಸಿಯೋ ಹುಡುಗಿಗೆ ಹೇಳಿದರೆ ನಕ್ಕು, "ಅಂಕಲ್ ಹೇಳೋದೇ ಸರಿ. ಇಳಿಸೋವಾಗಲೇ ಕೆಲಸ ಆಗೋದು" ಅಂದಳು. ಅಲ್ಲಿಂದ ಅವರನ್ನು ಹಿಡಿಯೋರಿಲ್ಲ. ದಿನಕ್ಕೆ 180 ಅಂತ ಲೆಕ್ಕ, ಅಪ್ಪನ ಲೆಕ್ಕದಲ್ಲಿ 180 ಪಾಸಾಗೋಕೆ ನಾನು 220 ಮಾಡಬೇಕು.

ಆಮೇಲೆ ಅವರ ಸರದಿ. ಮಂಚದಿಂದ ಬಾಗಿಲವರೆಗೆ ಹನ್ನೊಂದು ಮೀಟರು. ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಒಳ್ಳೆ ಕಾಲು. ವಾಕರ್, ಕಾಲು, ಕಾಲು. ಬಾಗಿಲು ಮುಟ್ಟೋಕೆ ನಾಲ್ಕು ನಿಮಿಷ. ಪಕ್ಕದಲ್ಲಿ ನಾನು, ಸೊಂಟದ ಪಟ್ಟಿ ಹಿಡಿದುಕೊಂಡು. ಆ ನಾಲ್ಕು ನಿಮಿಷ ಬೇರೇನೂ ಯೋಚನೆ ಮಾಡೋ ಹಾಗಿಲ್ಲ. ಕಾಲು ಎಲ್ಲಿ ಬೀಳ್ತಿದೆ, ನೆಲ ಒಣಗಿದೆಯಾ, ಉಸಿರು ಹೇಗಿದೆ, ಕೈ ನಡುಗ್ತಿದೆಯಾ. ಆಫೀಸಿನ ಕೆಲಸ, ಟ್ಯಾಂಕರಿನ ನೀರು (ಆ ಬೇಸಿಗೆ ಊರೆಲ್ಲ ಅದೇ ಗೋಳು), ತಪ್ಪಿದ ಓಟ, ಎಲ್ಲ ಆ ಹನ್ನೊಂದು ಮೀಟರಿನಾಚೆ. "ವರ್ತಮಾನದಲ್ಲಿ ಬದುಕಿ" ಅಂತ ಉಪದೇಶ ಮಾಡೋರನ್ನು ಬೇಕಾದಷ್ಟು ಕೇಳಿದ್ದೆ. ಅದು ಹೇಗಿರುತ್ತೆ ಅಂತ ಗೊತ್ತಾದದ್ದು ಆ ನಾಲ್ಕು ನಿಮಿಷದಲ್ಲಿ. ಅದರಲ್ಲಿ ಶಾಂತಿಗೀಂತಿ ಏನೂ ಇರಲಿಲ್ಲ ಸ್ವಾಮಿ, ಭಯವೇ ಜಾಸ್ತಿ. ಆದರೆ ಮನಸ್ಸು ಮಾತ್ರ ಬೇರೆ ಎಲ್ಲೂ ಹೋಗುತ್ತಿರಲಿಲ್ಲ.

ಒಂದು ದಿನ ಅಪ್ಪ ಅರ್ಧದಾರಿಯಲ್ಲೇ ನಿಂತುಬಿಟ್ಟರು. "ಸಾಕಪ್ಪಾ. ಇನ್ನೇನು ಆಗಬೇಕಾಗಿದೆ ನನಗೆ?" ಡಾಕ್ಟರು ಹೇಳಿದ ಆ "ಐದರಲ್ಲಿ ಒಬ್ಬರು" ಎದುರಿಗೆ ಬಂದು ನಿಂತ ಹಾಗಾಯಿತು. ನನಗೆ ಮಾತು ಹೊಳೆಯಲಿಲ್ಲ. ಮಾಲತಿ ಹೊಳ್ಳರ ಕತೆ ಹೇಳಲಾ ಅನ್ನಿಸಿತು. ನಮ್ಮ ಬೆಂಗಳೂರಿನವರೇ, ಮಗುವಾಗಿದ್ದಾಗಲೇ ಪೋಲಿಯೋ, 30ಕ್ಕೂ ಹೆಚ್ಚು ಆಪರೇಷನ್ನು, ಆದರೂ ಗಾಲಿಕುರ್ಚಿಯ ಓಟದಲ್ಲಿ ದೇಶಕ್ಕಾಗಿ ಸ್ಪರ್ಧಿಸಿ 2001ರಲ್ಲಿ ಪದ್ಮಶ್ರೀ ಪಡೆದವರು. ಆದರೆ ದಣಿದವರಿಗೆ ದೊಡ್ಡವರ ಕತೆ ಹೇಳಿದರೆ ದಣಿವು ಇನ್ನೂ ಜಾಸ್ತಿಯಾಗುತ್ತೇನೋ. ಬಾಯಿಗೆ ಬಂದದ್ದು ಬೇರೆಯೇ. "ಏನಿಲ್ಲ, ಈ ಹೆಜ್ಜೆ ರಿಜೆಕ್ಟ್. ವಾಕರ್ ಮುಂದಿಡದೇ ಕಾಲಿಟ್ರಿ."

ಅಪ್ಪ ನನ್ನ ಮುಖ ನೋಡಿದರು. ಕೆಳಗೆ ನೋಡಿದರು. ವಾಕರ್ ಮುಂದಿಟ್ಟರು.

ಜೂನ್ ಕೊನೆಗೆ ನನ್ನ ನೋವು ಹೆಚ್ಚುಕಡಿಮೆ ಹೋಯಿತು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಮತ್ತೆ ಶುರು. ಮೊದಲ ದಿನ ಬಂದ ಕೂಡಲೇ ಅಪ್ಪ ಕೇಳಿದ್ದು, "ಎಷ್ಟು?" ಅಂತ ಅಲ್ಲ. "ಏನೇನು ನೋಡ್ದೆ?" ಅಂತ. ನಾಲ್ಕು ತಿಂಗಳಿಂದ ಬೀದಿ ಕಾಣದ ಮನುಷ್ಯ!

"ಏನಿರುತ್ತೆ, ಅದೇ ರೋಡು" ಅನ್ನೋಕೆ ಹೊರಟವನು ಸುಮ್ಮನಾದೆ. ಮಾರನೇ ದಿನದಿಂದ ನೋಡಿಕೊಂಡು ಬರೋಕೆ ಶುರು ಮಾಡಿದೆ. ಸ್ಟೇಷನ್ ಕಡೆ ಯಾವ ರೈಲು ನಿಂತಿತ್ತು (ಇಲ್ಲಿಂದ ಹೊರಡುತ್ತಿದ್ದ ಎರ್ನಾಕುಲಂ ರೈಲು 2022ರ ಜೂನಿನಲ್ಲಿ ಬೈಯಪ್ಪನಹಳ್ಳಿಯ ಹೊಸ ಟರ್ಮಿನಲ್ಲಿಗೆ ಹೋಗಿದ್ದು ಅಪ್ಪನಿಗೆ ಇನ್ನೂ ಬೇಜಾರು). ಯಾರ ಹಳೇ ಮನೆ ಒಡೆದರು. ರಿಂಗ್ ರೋಡಿನ ಮೆಟ್ರೋ ಕಂಬದ ಮೇಲೆ ಏನು ಬಂತು. ಎಳನೀರಿನವನ ಮಗ ಪಾಸಾದನಾ. ವಾಚು ನೋಡುತ್ತಾ ಇದನ್ನೆಲ್ಲ ನೋಡೋಕಾಗಲ್ಲ. ವಾಚನ್ನು ಮನೆಯಲ್ಲೇ ಬಿಟ್ಟೆ. ಆಶ್ಚರ್ಯ ಅಂದರೆ, ನೋಡೋ ಕೆಲಸ ಶುರುವಾದ ಮೇಲೆ ನನ್ನ ಕಾಲಿನ ಸದ್ದೂ ಕೇಳೋಕೆ ಶುರುವಾಯಿತು. ಬಲಗಾಲು ಸ್ವಲ್ಪ ಜೋರಾಗಿ ಬೀಳುತ್ತಿತ್ತು. ಸದ್ದು ಎರಡೂ ಕಡೆ ಒಂದೇ ಸಮ ಆಗೋವರೆಗೆ ನಿಧಾನ ಮಾಡೋದು, ಅಷ್ಟೇ. ಅಪ್ಪನ ಕಿವಿ ನನಗೂ ಬಂತು ಅಂತ ಕಾಣುತ್ತೆ.

2025ರ ಏಪ್ರಿಲ್ 27ರಂದು ವರ್ಲ್ಡ್ 10ಕೆ ಓಡಿದೆ. 74 ನಿಮಿಷ. ಹಳೇ ಗುರಿಗಿಂತ ಒಂಬತ್ತು ನಿಮಿಷ ಜಾಸ್ತಿ, ಹಾಲಸೂರಿನ ಕೆರೆಯ ಗಾಳಿಯನ್ನು ನೆನೆಸಿಕೊಂಡು ಅಪ್ಪನಿಗೆ ಹೇಳೋಕೆ ಬೇಕಾದಷ್ಟು ಸಮಾಚಾರ. ಸಕ್ಕರೆ 5.8, ಇನ್ನೂ ಹೊಸ್ತಿಲ ಮೇಲೇ ನಿಂತಿದೆ. ಕೆಲವು ದಿನ ಎದ್ದೇಳೋಕೂ ಬೇಜಾರು. ಓಡಿದ್ದರಿಂದ ನಾನೇನೋ ಮಹಾಜ್ಞಾನಿ ಆದೆ ಅಂತ ಹೇಳೋದಿಲ್ಲ. ಇದ್ದ ಜಾಗದಲ್ಲಿ ಇರೋದು ಸ್ವಲ್ಪ ಬಂದಿದೆ, ಅದೂ ದಿನಕ್ಕೆ ನಲವತ್ತು ನಿಮಿಷ.

ಡಾಕ್ಟರು ಹೇಳಿದ ಆ ಒಂದು ವರ್ಷ ಕಳೆದ ಮೇಲೆ ಅಪ್ಪ ಕೋಲು ಹಿಡಿದು ಒಬ್ಬರೇ ಮೂಲೆಯ ಎಳನೀರಿನ ಗಾಡಿಯವರೆಗೆ ಹೋಗಿ ಬಂದರು. 150 ಮೀಟರು. ನಾನು ಗೇಟಿನಲ್ಲಿ ಉಸಿರು ಹಿಡಿದು ನಿಂತಿದ್ದೆ. ಬಂದವರು ಕುರ್ಚಿಯಲ್ಲಿ ಕೂತು, ಕೋಲು ಪಕ್ಕಕ್ಕಿಟ್ಟು, ಗಂಭೀರವಾಗಿ ಹೇಳಿದರು.

"ಆ ಮೂಲೆ ಮನೆ ಕಾಂಪೌಂಡಿಗೆ ನೀಲಿ ಬಣ್ಣ ಹೊಡೆದಿದಾರೆ ಅಂದಿದ್ಯಲ್ಲ, ಅದು ಹಸಿರು. ನಿನ್ನ ರಿಪೋರ್ಟು ರಿಜೆಕ್ಟ್."