ಅವ್ವನ ಹೊಲದಾಗಿನ ಲ್ಯಾಟಿನ್

ಎಸ್ಸೆಸ್ಸೆಲ್ಸಿವರೆಗೆ ನಾನು ಓದಿದ್ದು ಹುಲಗೂರಿನಲ್ಲಿ, ಕನ್ನಡ ಮಾಧ್ಯಮದಲ್ಲಿ. ಪಿಯುಸಿ ಸೈನ್ಸನ್ನು ಹೇಗೋ ಬಾಯಿಪಾಠ ಹೊಡೆದು ಪಾಸು ಮಾಡಿಕೊಂಡೆ. ಪತ್ರಿಕೋದ್ಯಮಕ್ಕೆ ಬಂದದ್ದು ಆಮೇಲೆ, ಮೊದಲು ಸೇರಿದ್ದು ಬಿ.ಎಸ್ಸಿ.ಗೆ. ಸೇರಿದ ಎರಡನೇ ವಾರಕ್ಕೇ ಸಸ್ಯಶಾಸ್ತ್ರದ ಮೇಡಂ 60 ಗಿಡಗಳ ಲ್ಯಾಟಿನ್ ಹೆಸರಿನ ಪಟ್ಟಿ ಕೊಟ್ಟರು. ತಿಂಗಳು ಬಿಟ್ಟು ಟೆಸ್ಟ್. ಮೇಜಿನ ಮೇಲೆ 25 ಗಿಡ ಇಟ್ಟಿರುತ್ತಾರೆ, ಒಂದೊಂದಕ್ಕೆ ಎರಡು ಅಂಕ. 50ಕ್ಕೆ 30 ಬಂದವರು ನೇರ ಬ್ಯಾಚಿಗೆ. ಬಾರದವರಿಗೆ ಬ್ರಿಜ್ ಕೋರ್ಸ್, ದಿನಾ ಸಂಜೆ 4ರಿಂದ 5.30.

ಹೆಚ್ಚಿಗೆ ಪಾಠ ಹೇಳಿದರೆ ಒಳ್ಳೆಯದೇ ಅಲ್ಲವಾ ಅಂತ ನಿಮಗೆ ಅನ್ನಿಸಬಹುದು. ಆದರೆ ನಾನು ಊರಿಗೆ ಬರುತ್ತಿದ್ದ ಬಸ್ಸು 4.30ಕ್ಕೆ. ಅದು ತಪ್ಪಿದರೆ ಮನೆ ಮುಟ್ಟುವಷ್ಟರಲ್ಲಿ ಕತ್ತಲು. ಅಪ್ಪ ಫೀ ಕಟ್ಟುವ ದಿನವೇ ಹೇಳಿದ್ದ, "ಹೊತ್ತು ಮುಳುಗೋದ್ರಾಗ ಮನ್ಯಾಗ ಇರಬೇಕು. ಆಗಂಗಿಲ್ಲ ಅಂದ್ರ ಕಾಲೇಜ ಸಾಕು." ನನಗೂ ಮುಂದಿನ ಊರಿನಿಂದ ಅದೇ ಬಸ್ಸಿಗೆ ಬರುತ್ತಿದ್ದ ಗೆಳತಿಗೂ ಅದು ಲ್ಯಾಟಿನ್ ಟೆಸ್ಟ್ ಆಗಿರಲಿಲ್ಲ, 4.30ರ ಬಸ್ಸಿನ ಟೆಸ್ಟ್ ಆಗಿತ್ತು.

ಇಬ್ಬರೂ ಬಸ್ಸಿನಲ್ಲಿ ಪಟ್ಟಿ ಹಿಡಿದು ಕೂತೆವು. ಪಾರ್ಥೇನಿಯಂ ಹಿಸ್ಟರೋಫೋರಸ್. ಅಕಿರಾಂಥಸ್ ಆಸ್ಪೆರಾ. ಸ್ಟಾಂಡಿಗೆ ಬರುವಷ್ಟರಲ್ಲಿ ಐದು ಹೆಸರು ಬರುತ್ತಿದ್ದವು, ಇಳಿದ ಮೇಲೆ ಎರಡು ಉಳಿಯುತ್ತಿದ್ದವು. ಬಾಯಿಗೆ ಹಿಡಿಯದ ಪದ ತಲೆಯಲ್ಲಿ ಎಲ್ಲಿ ನಿಂತೀತು?

ಭಾನುವಾರ ಅವ್ವನ ಜೊತೆ ಗೋವಿನಜೋಳದ ಹೊಲಕ್ಕೆ ಕಳೆ ತೆಗೆಯಲು ಹೋದೆ. ನಾನು ಒದರುತ್ತಾ ಕೂತಿದ್ದು ಕೇಳಿ ಅವ್ವ, "ಯಾರ್ ಹೆಸರ ಅವು?" ಅಂದಳು. ಕೈಯಲ್ಲಿದ್ದ ಉತ್ತರಾಣಿ ತೋರಿಸಿ, "ಇದರದ್ದ. ಅಕಿರಾಂಥಸ್ ಆಸ್ಪೆರಾ" ಅಂದೆ.

"ಹಂಗಂದ್ರ?"

ನನಗೂ ಗೊತ್ತಿರಲಿಲ್ಲ. ಅರ್ಥ ಇರುತ್ತದೆ ಅಂತಲೇ ಗೊತ್ತಿರಲಿಲ್ಲ. ಬದುವಿಗೆ ಕೂತು ಮೊಬೈಲ್‌ನಲ್ಲಿ ಹುಡುಕಿದೆ. ಆಸ್ಪೆರಾ ಅಂದರೆ ಒರಟು. ಅವ್ವ ಸೀರೆಯ ಅಂಚಿಗೆ ಅಂಟಿದ ಉತ್ತರಾಣಿ ಕಾಳು ಕೀಳುತ್ತಾ, "ಮತ್ತ ಒರಟ ಐತಲ್ಲ, ಸುಳ್ಳೇನ ಹೇಳ್ಯಾರ?" ಅಂದಳು. ಪಟ್ಟಿಯಲ್ಲಿ ತುಂಬೆಗೂ ಅದೇ ಪದ ಇತ್ತು, ಲ್ಯೂಕಸ್ ಆಸ್ಪೆರಾ. ತುಂಬೆ ಕಿತ್ತು ಕೈಗೆ ಉಜ್ಜಿ ನೋಡಿದೆ. ಹೌದು, ತರಿತರಿ.

ಅಲ್ಲಿಂದ ಶುರು. ಅವ್ವ ಗಿಡದ ಗುಣ ಹೇಳುವುದು, ನಾನು ಅರ್ಥ ಹುಡುಕುವುದು. ಎಕ್ಕೆಯದು ಜೈಗಾಂಟಿಯಾ, ಅಂದರೆ ದೈತ್ಯ. ಕಾಲಿಗೆ ಚುಚ್ಚುವ ನೆಗ್ಗಿಲಮುಳ್ಳಿನದು ಟೆರೆಸ್ಟ್ರಿಸ್, ನೆಲದ್ದು. ನಾಚಿಕೆಮುಳ್ಳಿಗೆ ಮಿಮೋಸಾ ಪುಡಿಕಾ, ಪುಡಿಕಾ ಅಂದರೆ ನಾಚುವವಳು. ಯಾವ ದೇಶದವರೋ ಏನೋ, ಅವರಿಗೂ ನಮಗೂ ಒಂದೇ ಗಿಡದಲ್ಲಿ ಒಂದೇ ಗುಣ ಕಂಡಿದೆ. ಗುಲಗಂಜಿಯ ಪ್ರಿಕಟೋರಿಯಸ್ ಪದಕ್ಕೆ ಪ್ರಾರ್ಥನೆಯ ನಂಟು. ಅದರ ಕಾಳನ್ನು ಪೋಣಿಸಿ ಜಪಮಾಲೆ ಮಾಡುತ್ತಿದ್ದರು. ನಮ್ಮಲ್ಲಿ ಅಕ್ಕಸಾಲಿಗರು ಅದರಿಂದ ಬಂಗಾರ ತೂಗುತ್ತಿದ್ದರು ಅಂತ ಅವ್ವ ಹೇಳಿದಳು.

ಕಾಂಗ್ರೆಸ್ ಕಸದ ಲ್ಯಾಟಿನ್ ಹೆಸರಿನಿಂದ ಮಾತ್ರ ಏನೂ ಉಪಯೋಗ ಆಗಲಿಲ್ಲ. ಅದನ್ನು ಬಾಯಿಪಾಠವೇ ಹೊಡೆದೆ.

ಬೇವು ಅಜಾಡಿರಾಕ್ಟಾ ಇಂಡಿಕಾ. ಇಂಡಿಕಾ ಸರಿ, ಹಿಂದೂಸ್ತಾನದ್ದು. ಮೊದಲನೇ ಪದ ನಾಲಿಗೆಗೆ ಸಿಗಲೇ ಇಲ್ಲ. ಸಂಜೆ ಕಟ್ಟೆ ಮೇಲೆ ಕೂತು ಹತ್ತು ಸಲ ಹೇಳಿದ್ದನ್ನು ಎದುರು ಮನೆಯ ಟೇಲರ್ ಚಾಚಾ ಮಷೀನ್ ನಿಲ್ಲಿಸಿ ಕೇಳಿದರು. "ಆಜಾದ್ ದರಖ್ತ್ ಅನ್ನಾಕತ್ತೀ ಏನವಾ? ದರಖ್ತ್ ಅಂದ್ರ ನಮ್ಮಲ್ಲಿ ಗಿಡ." ಹುಡುಕಿದರೆ ಚಾಚಾ ಹೇಳಿದ್ದೇ ಖರೆ. ಪಾರ್ಸಿಯ ಪದವೇ ಲ್ಯಾಟಿನ್ ವೇಷ ಹಾಕಿಕೊಂಡು ಬಂದಿತ್ತು. ಹಂಗಾದರೆ ಹುಣಸೆಯ ಟ್ಯಾಮರಿಂಡಸ್? ಅದು ಅರಬ್ಬಿಯ ತಮರ್ ಹಿಂದಿ, ಹಿಂದೂಸ್ತಾನದ ಖರ್ಜೂರ. ಅವತ್ತಿನಿಂದ ಚಾಚಾ ದಿನಾ ಸಂಜೆ "ಇವತ್ತ ಎಷ್ಟ ಗಿಡ?" ಅಂತ ಕೇಳುತ್ತಿದ್ದರು.

ಎರಡು ಪದದ ಈ ಹೆಸರಿನ ಪದ್ಧತಿಯನ್ನು ಗಿಡಗಳಿಗೆಲ್ಲ ಹಾಕಿಕೊಟ್ಟವನು ಸ್ವೀಡನ್ನಿನ ಲಿನೇಯಸ್, 1753ರಲ್ಲಿ. ಹೊಸ ಗಿಡ ಸಿಕ್ಕರೆ ಅದರ ವಿವರಣೆಯನ್ನೂ ಲ್ಯಾಟಿನ್ನಿನಲ್ಲೇ ಕೊಡಬೇಕು ಎಂಬ ನಿಯಮ 2011ರ ಕೊನೆಯವರೆಗೂ ಇತ್ತು. 2012ರಿಂದ ಇಂಗ್ಲಿಷಿನಲ್ಲೂ ನಡೆಯುತ್ತದೆ. ಹೆಸರು ಮಾತ್ರ ಈಗಲೂ ಲ್ಯಾಟಿನ್ನೇ. ಇದನ್ನು ಗೆಳತಿಗೆ ಹೇಳಿದರೆ, "ವಿವರಣೆ ಬಿಟ್ಟು ಹೆಸರಿಗೆ ಇಂಗ್ಲಿಷ್ ಮಾಡಿದ್ದರ ಏನ ಹೋಗತಿತ್ತು ಅವರ ಗಂಟ?" ಅಂದಳು. ನಾನು ಅವ್ವ ಹೇಳಿದ್ದನ್ನೆಲ್ಲ ಬಸ್ಸಿನಲ್ಲಿ ಅವಳಿಗೆ ಹೇಳುತ್ತಿದ್ದೆ. ಆದರೆ ಅವಳ ಮನೆಯವರಿಗೆ ಹೊಲ ಇರಲಿಲ್ಲ, ಭಾನುವಾರ ಅವಳು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಅಲ್ಲಿ ಗಿಡ ಹಿಡಿದು ಮೊಬೈಲ್ ನೋಡುತ್ತಾ ಕೂತರೆ ಪಗಾರ ಯಾರು ಕೊಡುತ್ತಾರೆ?

ಟೆಸ್ಟಿನ ದಿನ ಮೇಜಿನ ಮೇಲೆ ಮೊದಲನೆಯದೇ ತುಂಬೆ. ಹನ್ನೊಂದನೆಯದು ಜಾಲಿ. ಕೈ ತಾನಾಗಿ ಬರೆಯಿತು, ಅಕೇಶಿಯಾ ನೈಲೋಟಿಕಾ, ನೈಲ್ ನದಿಯದು. (ಅದರ ಮೊದಲ ಹೆಸರು ಈಗ ವಾಚೆಲಿಯಾ ಆಗಿದೆ, ಓದುವವರು ಗಮನಿಸಿ. ನಮ್ಮ ಪಟ್ಟಿಯಲ್ಲಿ ಹಳೆಯದೇ ಇತ್ತು.) ಕೆಲವು ಗಿಡಕ್ಕೆ ಅರ್ಧ ಹೆಸರು ಬಂತು, ಮೂರು ಖಾಲಿ ಬಿಟ್ಟೆ.

ನನಗೆ 33. ಗೆಳತಿಗೆ 27.

ಅವಳು ಮೇಡಂ ಹತ್ತಿರ ಹೋಗಿ ಬಸ್ಸಿನ ವಿಷಯ ಹೇಳಿದಳು. "ಎಲ್ಲರಿಗೂ ಒಂದೇ ರೂಲ್ಸಮ್ಮಾ" ಅಂದರಂತೆ. ಮೇಡಂ ಕೆಟ್ಟವರಲ್ಲ, ಸಂಜೆ ಸಂಬಳ ಇಲ್ಲದೆ ಪಾಠ ಮಾಡುತ್ತಿದ್ದರು. ಗೆಳತಿ ದೀಪಾವಳಿವರೆಗೆ ಕತ್ತಲ ಬಸ್ಸಿಗೆ ಬಂದಳು. ಹಬ್ಬದ ರಜೆ ಮುಗಿದ ಮೇಲೆ 4.30ರ ಬಸ್ಸಿನಲ್ಲೂ ಇಲ್ಲ, ಆಮೇಲಿನ ಬಸ್ಸಿನಲ್ಲೂ ಇಲ್ಲ. ನಾನು ಕಿಟಕಿ ಹತ್ತಿರದ ಸೀಟಿನಲ್ಲಿ ಒಬ್ಬಳೇ ಕೂತು ಡಿಗ್ರಿ ಮುಗಿಸಿದೆ.

ಹೋದ ವರ್ಷ ನಮ್ಮೂರ ದರ್ಗಾದ ಉರುಸಿಗೆ ಬಂದಿದ್ದಳು, ಕಂಕುಳಲ್ಲಿ ಮಗಳು. ಬಳೆ ಅಂಗಡಿ ಮುಂದೆ ಬಹಳ ಹೊತ್ತು ನಿಂತು ಮಾತಾಡಿದೆವು. ಬೇವಿನ ಗಿಡದ ಕೆಳಗೆ ಕೂತು ಮಂಡಕ್ಕಿ ತಿನ್ನುವಾಗ ತಲೆ ಎತ್ತಿ ನೋಡಿ, "ಇದು ನಿಮ್ಮ ಚಾಚಾನ ಗಿಡ ಅಲ್ಲೇನ?" ಅಂದಳು. ಹೆಸರು ಪೂರ್ತಿ ಹೇಳಿದಳು, ತಪ್ಪಿಲ್ಲದೆ.