ಬುತ್ತಿ, ಬೆಟ್ಟ ಮತ್ತು ಭೂಗೋಳದ ಮೇಷ್ಟ್ರು

ತುಮಕೂರು ಸೀಮೆಯಲ್ಲಿ ಬೆಟ್ಟ ಹತ್ತುವುದು ಬಹುಕಾಲ ಹರಕೆಯ ಭಾಗವಾಗಿತ್ತೇ ಹೊರತು ಹವ್ಯಾಸವಾಗಿರಲಿಲ್ಲ. ಮಗುವಿನ ಮುಡಿ ಕೊಡಿಸುವುದಕ್ಕೋ, ಮನೆದೇವರಿಗೆ ಹಣ್ಣುಕಾಯಿ ಮಾಡಿಸುವುದಕ್ಕೋ ಹೊರಟ ಸಂಸಾರ ಮೆಟ್ಟಿಲು ಹತ್ತಿ, ಮಂಟಪದ ನೆರಳಿನಲ್ಲಿ ಬುತ್ತಿ ಬಿಚ್ಚಿ, ಹೊತ್ತು ಇಳಿಯುವ ಮುಂಚೆ ತಾನೂ ಇಳಿದು ಬರುತ್ತಿತ್ತು, ಮತ್ತು ಆ ದಿನದಲ್ಲಿ ಭಕ್ತಿಯ ಪಾಲೆಷ್ಟು, ವಿಹಾರದ ಪಾಲೆಷ್ಟು ಎಂದು ಲೆಕ್ಕ ಕೇಳುವ ಪ್ರಮೇಯ ಯಾರಿಗೂ ಬರುತ್ತಿರಲಿಲ್ಲ. ಈಗ ಅದೇ ಕೆಲಸಕ್ಕೆ ಚಾರಣವೆಂಬ ಹೆಸರು, ಕಾಲಿಗೊಂದು ಬೂಟು, ಬೆನ್ನಿಗೊಂದು ಚೀಲ, ಕೈಯಲ್ಲೊಂದು ಮೊಬೈಲು ಎಲ್ಲವೂ ಕೂಡಿಬಂದಿವೆ. ಇಷ್ಟೆಲ್ಲ ಸಜ್ಜಾದ ಮೇಲೆ ನಡಿಗೆ ಹೆಚ್ಚಬೇಕಿತ್ತು. ಆದರೆ ಭಾನುವಾರ ಬೆಳಗಿನ ಹೊತ್ತು ದೇವರಾಯನದುರ್ಗದ ಮೇಲ್ತುದಿಯ ರಸ್ತೆಯಲ್ಲಿ ಮೂತಿಗೆ ಬಾಲ ತಾಗುವಂತೆ ನಿಂತ ಕಾರುಗಳನ್ನು ಕಂಡರೆ, ಬೆಟ್ಟ ಹತ್ತುವ ಶ್ರಮವನ್ನು ಸಂಸಾರಗಳು ಎಂಜಿನ್ನಿಗೆ ಒಪ್ಪಿಸಿ ಬಹಳ ದಿನಗಳಾದವು ಎಂಬುದು ಸ್ಪಷ್ಟವಾಗುತ್ತದೆ.

ಕೋರ ಹೋಬಳಿಯ ಮಟ್ಟಿಗೆ ಈ ಬದಲಾವಣೆಗೆ ಒಂದು ಕಾರಣವೂ ಉಂಟು. ಶಿರಾ ಕಡೆಗೆ ಸಾಗುವ 48ನೆಯ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಿನ ಈ ಊರುಗಳಲ್ಲಿ ಹಿಂದೆ ರಜೆಯೆಂದರೆ ಸುಗ್ಗಿಯಿಂದ ಸುಗ್ಗಿಗೆ, ಹಬ್ಬದಿಂದ ಹಬ್ಬಕ್ಕೆ ಬರುತ್ತಿತ್ತು. ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆದು, 2014ರಲ್ಲಿ ಅಲ್ಲಿಯೇ ಆಹಾರ ಪಾರ್ಕು ಉದ್ಘಾಟನೆಯಾಗಿ, ದುಡಿಮೆ ಪಾಳಿಗಳಿಗೆ ಹಂಚಿಹೋದ ಮೇಲೆ ವಾರಕ್ಕೊಂದು ರಜೆ ಎಂಬ ಹೊಸ ಹಬ್ಬ ಹುಟ್ಟಿತು. ರಾಗಿ ಹೊಲದಲ್ಲಿ ದಿನವಿಡೀ ನಿಂತು ಬೆಟ್ಟವನ್ನು ದೂರದ ನೀಲಿಯಾಗಿ ಮಾತ್ರ ಕಂಡಿದ್ದವರ ಮಕ್ಕಳು, ಆ ನೀಲಿಯ ಹತ್ತಿರಕ್ಕೆ ಹೋಗಿ ನೋಡಿ ಬರಲು ಹೊರಟರು. ಹೊರಟದ್ದು ತಪ್ಪಲ್ಲ, ಇಷ್ಟು ಹತ್ತಿರದಲ್ಲಿ, ಇಷ್ಟು ಸುಲಭವಾಗಿ, ಐದು ವರ್ಷದ ಮಗುವೂ ಎಪ್ಪತ್ತರ ಅಜ್ಜಿಯೂ ಒಟ್ಟಿಗೆ ಹೋಗಿ ಬರಬಹುದಾದ ಬೆಟ್ಟಗಳು ಎಲ್ಲ ಜಿಲ್ಲೆಗಳಿಗೂ ದಕ್ಕಿಲ್ಲ.

ಈ ಸೀಮೆಯ ಯಾವ ಬೆಟ್ಟಕ್ಕೆ ಹೊರಟರೂ ದಾರಿ ಕ್ಯಾತ್ಸಂದ್ರದ ಮೇಲೆಯೇ ಹಾಯಬೇಕೆಂಬುದು ಭೂಗೋಳದ ನಿಯಮವಲ್ಲ, ತಟ್ಟೆ ಇಡ್ಲಿಯ ನಿಯಮ. ಕೋರದಿಂದ ದೇವರಾಯನದುರ್ಗಕ್ಕೆ ಹೋಗುವವರಿಗೆ ಕ್ಯಾತ್ಸಂದ್ರ ಶುದ್ಧ ಅಡ್ಡದಾರಿ. ಆದರೂ ಬೆಣ್ಣೆಯ ಗುಡ್ಡೆ ಕರಗುತ್ತಿರುವ ಆ ಅಗಲವಾದ ಇಡ್ಲಿಯನ್ನು ಬಿಟ್ಟು ನೇರವಾಗಿ ಬೆಟ್ಟಕ್ಕೆ ಹೋಗುವ ಸಂಸಾರವನ್ನು ಸುತ್ತಲ ಸಮಾಜ ಸಂಶಯದಿಂದ ನೋಡುತ್ತದೆ. ಅಲ್ಲಿಯವರೆಗೆ ಬಂದ ಮೇಲೆ ಎದುರಿಗೆ ಕಾಣುವುದು ಮಂದಾರಗಿರಿ, ಅಂದರೆ ಜನರ ಬಾಯಲ್ಲಿ ಬಸದಿ ಬೆಟ್ಟ. ಪಂಡಿತನಹಳ್ಳಿಯ ಬಳಿಯ ಈ ಒಂಟಿ ಬಂಡೆಗೆ ನಾನೂರಕ್ಕೂ ಹೆಚ್ಚು ಮೆಟ್ಟಿಲುಗಳಿದ್ದು, ತುದಿಯಲ್ಲಿ ಒಂದೇ ಪ್ರಾಕಾರದೊಳಗೆ ಹಳೆಯ ಜೈನ ಬಸದಿಗಳಿವೆ, ಕೆಳಗೆ ಮೈದಾಳದ ಕೆರೆಯಿದೆ. ಬುಡದಲ್ಲಿ ಇತ್ತೀಚೆಗೆ ಕಟ್ಟಿದ ಗುರುಮಂದಿರ ನಿಂತಿರುವುದು ಪಿಂಛಿಯ ಆಕಾರದಲ್ಲಿ. ಪಿಂಛಿಯೆಂದರೆ ದಿಗಂಬರ ಮುನಿಗಳು ಹಿಡಿದಿರುವ ನವಿಲುಗರಿಯ ಗೊಂಚಲು. ಕೂರುವ ಜಾಗದಲ್ಲಿ ಇರುವೆ, ಹುಳ ಇದ್ದರೆ ಅವಕ್ಕೆ ನೋವಾಗದಂತೆ ಸರಿಸುವುದಕ್ಕೆ ಅದು ಬೇಕು. ಬೆಟ್ಟಕ್ಕೆ ಹೋಗುವವರು ಅಲ್ಲಿನ ಜೀವಿಗಳ ಬಗ್ಗೆ ಹೇಗೆ ನಡೆದುಕೊಳ್ಳಬೇಕೆಂಬ ಪಾಠವನ್ನು ಕಟ್ಟಡವೇ ಹೇಳುತ್ತಿರುವ ಬೆಟ್ಟ ಬೇರೆಲ್ಲೂ ಸಿಗಲಿಕ್ಕಿಲ್ಲ. ಆದರೆ ಬಹುಪಾಲು ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ನಡೆಯುತ್ತಾರೆ.

ದೇವರಾಯನದುರ್ಗದ ಕಾಡಿಗೆ ಬಂದರೆ ಮೊದಲು ಸಿಗುವುದು ನಾಮದ ಚಿಲುಮೆ. ಲಂಕೆಯ ದಾರಿಯಲ್ಲಿದ್ದ ರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ, ಬಂಡೆಗೆ ಬಾಣ ಹೊಡೆದಾಗ ಚಿಮ್ಮಿದ ನೀರು ಇದೆಂಬುದು ಸ್ಥಳಪುರಾಣ. ಬಂಡೆಯ ಒಂದು ಸಣ್ಣ ಕುಳಿಯೊಳಗೆ ಸದ್ದಿಲ್ಲದೆ ತುಂಬಿ ನಿಲ್ಲುವ ಆ ನೀರಿಗೆ ಕೈಹಾಕಿ, ಕೈ ಎಲ್ಲಿಯವರೆಗೆ ಮುಳುಗುತ್ತದೆಂದು ನೋಡದ ಮಗು ಇಲ್ಲ. ಶಾಸ್ತ್ರ ಹೇಳುವುದು ಬೇರೆ. ಈ ಬೆಟ್ಟಗಳು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲೆಯ ದೀರ್ಘ ಪಟ್ಟಿಯ ಭಾಗ. ಕ್ಲೋಸ್‌ಪೇಟೆಯೆಂಬುದು ರಾಮನಗರದ ಹಳೆಯ ಹೆಸರು, ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಗಟ್ಟಿಯಾದ ಈ ಕಲ್ಲು, ಮೇಲಿನ ಹೊರೆ ಸವೆದುಹೋದಂತೆ ಹಿಗ್ಗಿ, ಈರುಳ್ಳಿಯಂತೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಆ ಬಿರುಕುಗಳಲ್ಲಿ ಇಳಿದ ಮಳೆನೀರು ತಿಂಗಳುಗಟ್ಟಲೆ ಕುಳಿತಿದ್ದು, ಸಂದು ಸಿಕ್ಕ ಕಡೆ ಹೊರಗೆ ಒಸರುತ್ತದೆ. ಬಾಣದ ಕಥೆ ಬಿರುಕಿನ ಕಥೆಗೆ ಬಹಳ ದೂರವೇನೂ ಅಲ್ಲ.

ಚಿಲುಮೆಯ ಪಕ್ಕದ ಅರಣ್ಯ ಇಲಾಖೆಯ ಹಳೆಯ ಅತಿಥಿಗೃಹದಲ್ಲಿ, ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿಯವರು ತಂಗಿದ್ದರೆಂಬ ಮಾತು ಈ ಭಾಗದ ಹಕ್ಕಿಪ್ರಿಯರಲ್ಲಿ ಪ್ರಚಲಿತವಾಗಿದೆ. ಅದೇ ಹೆಮ್ಮೆಯಿಂದ ಅವರು ತೋರಿಸಲು ಹಂಬಲಿಸುವ ಹಕ್ಕಿ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲಿನಲ್ಲಿ ಬಿಟ್ಟರೆ ಜಗತ್ತಿನ ಇನ್ನಾವ ಭಾಗದಲ್ಲಿಯೂ ಇಲ್ಲದ ಈ ನಾಚಿಕೆಯ ಜೀವಿ, ಜಾಲಾರಿ, ದಿಂಡಿಗ, ಬಂದರಿಕೆ ಗಿಡಗಳ ನಡುವೆ ಎಲ್ಲೋ ಒಂದು ಕಡೆ ಉಲಿದು, ನೋಡಲು ಬಂದವರು ದುರ್ಬೀನು ಎತ್ತುವಷ್ಟರಲ್ಲಿ ಬಂಡೆಯ ಆಚೆಗೆ ಸರಿದಿರುತ್ತದೆ. ಜಿಂಕೆಗಳನ್ನು ನೋಡಲು ಅಷ್ಟು ಕಷ್ಟಪಡಬೇಕಾಗಿಲ್ಲ, ಅವು ಬೇಲಿಯೊಳಗಿವೆ. ಹೀಗಾಗಿ ಮಕ್ಕಳಿಗೆ ಜಿಂಕೆಯ ಪರಿಚಯ ಆಗುತ್ತದೆ, ಪಿಕಳಾರದ ಪರಿಚಯ ಆಗುವುದಿಲ್ಲ.

ಇಂಥ ತಂಡಗಳಲ್ಲಿ ತಪ್ಪದೆ ಕಾಣಿಸುವ ಒಂದು ವ್ಯಕ್ತಿವಿಶೇಷವೆಂದರೆ ನಿವೃತ್ತ ಭೂಗೋಳದ ಮೇಷ್ಟ್ರು. ಯಾರದಾದರೂ ಮಾವನೋ ದೊಡ್ಡಪ್ಪನೋ ಆಗಿರುವ ಅವರು ಇಸ್ತ್ರಿ ಮಾಡಿದ ಅಂಗಿ, ಹವಾಯಿ ಚಪ್ಪಲಿ ಮತ್ತು ಮಡಚುವ ಛತ್ರಿಯೊಂದಿಗೆ ಬೆಟ್ಟಕ್ಕೆ ಬರುತ್ತಾರೆ. ಕಾರಿನಲ್ಲಿ ಮೇಲೆ ಹೋಗುವುದನ್ನು ನಿರಾಕರಿಸಿ, ಕೆಳಗಿನ ಭೋಗನರಸಿಂಹನ ಗುಡಿಯಿಂದ ಮೇಲಿನ ಯೋಗನರಸಿಂಹನ ಗುಡಿಯವರೆಗೆ ನಡೆದೇ ಬರುವುದಾಗಿ ಘೋಷಿಸಿ, ತಮ್ಮ ಜೊತೆಗೆ ಒಲ್ಲದ ಮನಸ್ಸಿನ ಇಬ್ಬರು ಮೊಮ್ಮಕ್ಕಳನ್ನು ಎಳೆದುಕೊಳ್ಳುತ್ತಾರೆ. ದಾರಿಯುದ್ದಕ್ಕೂ ಅವರಿಂದ ಇತಿಹಾಸ ಬಿಡಿಬಿಡಿಯಾಗಿ ಉದುರುತ್ತದೆ: ಬೆಟ್ಟಕ್ಕೆ ಮೊದಲಿದ್ದ ಹೆಸರು ಆನೆಬಿದ್ದಸರಿ, ಆಮೇಲೆ ಜಡಕನೆಂಬ ಪಾಳೆಯಗಾರನಿಂದ ಜಡಕನದುರ್ಗ, ಕಡೆಗೆ ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗ. ಆನೆ ಬಿದ್ದದ್ದು ಎಲ್ಲಿ ಎಂದು ಮೊಮ್ಮಗ ಕೇಳಿದರೆ ಛತ್ರಿಯ ತುದಿ ಪ್ರತಿಸಲವೂ ಬೇರೆ ಬೇರೆ ಕೊರಕಲಿನತ್ತ ಚಾಚುತ್ತದೆ.

ಮೇಷ್ಟ್ರ ನಿಜವಾದ ಪ್ರದರ್ಶನ ಇರುವುದು ನೆತ್ತಿಯಲ್ಲಿ. ಏಣಿನಂತಿರುವ ಒಂದು ಬಂಡೆಯನ್ನು ಆರಿಸಿ, ಎಲ್ಲರನ್ನೂ ಸುತ್ತ ನಿಲ್ಲಿಸಿ, ಸ್ಟೀಲು ಲೋಟದಲ್ಲಿ ನೀರು ಬಗ್ಗಿಸಿಕೊಂಡು ಅರ್ಧವನ್ನು ದಕ್ಷಿಣದ ಇಳಿಜಾರಿಗೂ ಅರ್ಧವನ್ನು ಉತ್ತರದ ಇಳಿಜಾರಿಗೂ ಸುರಿಯುತ್ತಾರೆ. ಇದಕ್ಕೆ ಜಲವಿಭಾಜಕವೆಂದು ಹೆಸರು, ಅಂದರೆ ಬಿದ್ದ ಮಳೆಯನ್ನು ಎರಡು ಕಡೆಗೆ ಪಾಲು ಮಾಡುವ ನೆಲದ ಏಣು. ದಕ್ಷಿಣದ ನೀರು ಶಿಂಷಾ ನದಿಯಾಗಿ ಕಾವೇರಿಗೆ, ಉತ್ತರದ ನೀರು ಜಯಮಂಗಲಿಯಾಗಿ ಕೊರಟಗೆರೆ, ಮಧುಗಿರಿಗಳನ್ನು ಹಾಯ್ದು ಉತ್ತರ ಪಿನಾಕಿನಿಗೆ. ಒಂದು ಲೋಟದ ನೀರು ಎರಡು ರಾಜ್ಯಗಳ ದಾರಿ ಹಿಡಿಯಿತೆಂದು ಅವರು ಗಂಭೀರವಾಗಿ ಸಾರುವ ಹೊತ್ತಿಗೆ, ಕಾದ ಬಂಡೆಯ ಮೇಲೆ ಒಂದು ಗೇಣು ಹರಿದ ನೀರು ಎರಡೂ ಕಡೆ ಕಪ್ಪು ಕಲೆಯಾಗಿ, ಕಲೆಯ ಅಂಚು ಒಳಸರಿಯುತ್ತ, ಮಾತು ಮುಗಿಯುವುದರೊಳಗೆ ಆರಿಹೋಗಿರುತ್ತದೆ. ಎರಡೂ ನದಿಗಳು ಕೊನೆಗೆ ಸೇರುವುದು ಬಂಗಾಳ ಕೊಲ್ಲಿಯನ್ನೇ ಅಲ್ಲವೇ, ಹಾಗಿದ್ದರೆ ಪಾಲು ಮಾಡಿದ್ದೇಕೆ ಎಂದು ಏಳನೆಯ ತರಗತಿಯ ಮೊಮ್ಮಗಳು ಕೇಳುವ ಪ್ರಶ್ನೆಗೆ ಮೇಷ್ಟ್ರ ಬಳಿ ಉತ್ತರವಿಲ್ಲ. ಅದಲ್ಲದೆ, ಲೋಟದಲ್ಲಿದ್ದ ನೀರು ತುಮಕೂರಿನ ಮನೆಯ ನಲ್ಲಿಯದು. ಅದು ಗೊರೂರು ಅಣೆಕಟ್ಟೆಯಿಂದ ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆಗೆ ಬಂದ ಹೇಮಾವತಿ. ಆದ್ದರಿಂದ ಉತ್ತರದ ಇಳಿಜಾರಿಗೆ ಸುರಿದ ಅರ್ಧ ಲೋಟ ಕಟ್ಟುನಿಟ್ಟಾಗಿ ನೋಡಿದರೆ ಕಾವೇರಿ ಕಣಿವೆಯ ನೀರನ್ನು ಉತ್ತರ ಪಿನಾಕಿನಿಯ ಕಣಿವೆಗೆ ತಿರುಗಿಸಿದ ಅಪರಾಧ. ನ್ಯಾಯಮಂಡಳಿಗಳ ಗಮನಕ್ಕೆ ಅದು ಇನ್ನೂ ಬಂದಿಲ್ಲ.

ಮೇಷ್ಟ್ರನ್ನು ನಂಬಿ ಶಿಂಷೆಯ ಬೆನ್ನು ಹಿಡಿದರೆ, ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯ ವಿಹಾರಸ್ಥಳಗಳು ಒಂದೇ ದಾರಕ್ಕೆ ಪೋಣಿಸಿಕೊಳ್ಳುವುದು ಕಾಣುತ್ತದೆ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಈ ನದಿಗೆ ಅಡ್ಡಲಾಗಿ ದೊಡ್ಡ ಕೆರೆಯಿದ್ದು, ಅದರ ಏರಿಯನ್ನು ಲಂಕೆಯಿಂದ ಹಿಂದಿರುಗುವಾಗ ಬೀಡುಬಿಟ್ಟಿದ್ದ ರಾಮನೇ ಕಟ್ಟಿಸಿದನೆಂಬ ಐತಿಹ್ಯವಿದೆ. ಹೋಗುವಾಗ ಚಿಲುಮೆ, ಬರುವಾಗ ಕೆರೆ, ಎಂದರೆ ಈ ಸೀಮೆಯಲ್ಲಿ ದೇವರೂ ನೀರಿನ ಚಿಂತೆಯಿಂದ ಪಾರಾಗಲಿಲ್ಲ. ಬೆಟ್ಟ ಬೇಡವೆನ್ನುವ ಮಂಡಿನೋವಿನವರಿಗೆ ಆ ಏರಿಯ ಮೇಲಿನ ಸಂಜೆಯ ನಡಿಗೆ ಸಾಕು. ಅಲ್ಲಿಂದ ಕೆಳಗೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಇದರ ಹೆಗ್ಗಳಿಕೆಯೆಂದರೆ ಸ್ವಯಂಚಾಲಿತ ಸೈಫನ್‌ಗಳು, ಅಂದರೆ ನೀರು ಗೊತ್ತಾದ ಮಟ್ಟ ಮೀರಿದೊಡನೆ ಬಾಗಿಲು ತೆಗೆಯುವವರಿಲ್ಲದೆ ತಾವಾಗಿಯೇ ಎಳೆದು ಆಚೆಗೆ ಸುರಿಯುವ ಬಾಗಿದ ಕೊಳವೆದಾರಿಗಳು. ಅದೇ ತಾಲ್ಲೂಕಿನ ಹುತ್ರಿದುರ್ಗ ಕೆಂಪೇಗೌಡರ ಕೋಟೆ. ಒಂದರ ಒಳಗೊಂದು ಸುತ್ತು, ಸುತ್ತಿಗೊಂದು ಬಾಗಿಲು ದಾಟಿ ಶಂಕರೇಶ್ವರನ ಗುಡಿಯವರೆಗೆ ಹೋಗುವ ದಾರಿಯಲ್ಲಿ ಮಕ್ಕಳು ಮುಂದಿನ ಬಾಗಿಲಿನ ಆಸೆಗೇ ನಡೆದುಬಿಡುತ್ತಾರೆ. ನೆತ್ತಿಯವರೆಗೆ ಕಾರಿನ ದಾರಿಯಿಲ್ಲದಿರುವುದೇ ಅದನ್ನು ಇಷ್ಟರಮಟ್ಟಿಗೆ ಉಳಿಸಿದೆ.

ದೇವರಾಯನದುರ್ಗದ ಸಂಕಟ ಶುರುವಾಗುವುದು ಇಲ್ಲಿಯೇ. ಕಾರು ನೆತ್ತಿಗೆ ಹೋಗುವುದರಿಂದ ಅಡುಗೆಮನೆಯೂ ನೆತ್ತಿಗೆ ಹೋಗುತ್ತದೆ. ಹಿಂದಿನ ಬುತ್ತಿಯಲ್ಲಿ ಚಿತ್ರಾನ್ನ, ಮೊಸರನ್ನ, ಹುರಿದ ಕಡಲೆಕಾಯಿ ಇದ್ದವು, ಉಳಿದ ಮುತ್ತುಗದ ಎಲೆ ಮಳೆಗೆ ಮಣ್ಣಾಗುತ್ತಿತ್ತು. ಇಂದಿನ ಬುತ್ತಿಯ ಹೊದಿಕೆ ಮಣ್ಣಾಗುವುದಿಲ್ಲ. ಅದನ್ನು ಬಿಡಿಸುವ ಕಲೆಯಲ್ಲಿ ಇಲ್ಲಿನ ಟೋಪಿಮಂಗಗಳು ಪಾರಂಗತವಾಗಿವೆ. ನೆತ್ತಿಯ ಕೂದಲು ಸುಳಿಯಾಗಿ ಹರಡಿ ಟೋಪಿ ಇಟ್ಟಂತೆ ಕಾಣುವ, ದಕ್ಷಿಣ ಭಾರತಕ್ಕೇ ಮೀಸಲಾದ ಈ ಕೋತಿ ಮೊದಲು ಕಾರಿನ ಕನ್ನಡಿಯ ಮೇಲೆ ಕೂರುತ್ತದೆ, ಗಾಜು ಇಳಿದಿದೆಯೇ ನೋಡುತ್ತದೆ, ದೊಡ್ಡವರನ್ನು ಬಿಟ್ಟು ಮಗುವನ್ನು ಆರಿಸುತ್ತದೆ, ಚಿಪ್ಸ್ ಪೊಟ್ಟಣ ಕಿತ್ತು ಮಂಟಪದ ಮೇಲೇರಿ, ಹಲ್ಲಿನಿಂದ ಅಂಚು ಸೀಳಿ, ಎರಡೂ ಕೈಯಿಂದ ತಿಂದು ಮುಗಿಸಿ, ಖಾಲಿ ಪೊಟ್ಟಣವನ್ನು ಗಾಳಿಗೆ ಬಿಡುತ್ತದೆ. ಕವಳೆ, ಕಾರೆಹಣ್ಣು ಹುಡುಕಿ ತಿಂದು, ಬೀಜವನ್ನು ಕಾಡಿನ ತುಂಬ ಹರಡಬೇಕಾಗಿದ್ದ ಜೀವಿಗೆ ಈ ಹೊಸ ಕಸುಬು ಕಲಿಸಿದವರು ಕರುಣೆಯಿಂದ ಬಾಳೆಹಣ್ಣು ಚಾಚಿದ ಸಂಸಾರಗಳೇ. ಬೈಗುಳ ಮಾತ್ರ ಮಂಗಕ್ಕೆ.

ಜಯಮಂಗಲಿಯ ಕಡೆ ಇಳಿದವರಿಗೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಆ ನದಿಯ ಹೆಸರನ್ನೇ ಹೊತ್ತ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಸಿಗುತ್ತದೆ; 2007ರಲ್ಲಿ ಘೋಷಿತವಾದ, 798 ಎಕರೆಯ ಆ ಹುಲ್ಲುಗಾವಲಿನಲ್ಲಿ ಹುಲ್ಲೆಗಳು ಇಂದಿಗೂ ನೆಗೆಯುತ್ತವೆ. ಆದರೆ ನದಿಯ ಪಾತ್ರ ವರ್ಷದ ಬಹುಭಾಗ ಒಣಗಿರುತ್ತದೆ, ಮರಳು ತೆಗೆದ ಗುಂಡಿಗಳು ಮಾತ್ರ ತುಂಬಿಕೊಂಡಿವೆ. ಶಿಂಷೆಯ ತಲೆಯ ಭಾಗವೂ ಮಳೆಗಾಲ ಕಳೆದರೆ ಹಳ್ಳವೇ. ಬಂಡೆಯ ಮೇಲೆ ಮೇಷ್ಟ್ರು ಸುರಿದ ನೀರಿಗೆ ಆದದ್ದೇ ಎರಡೂ ನದಿಗಳಿಗೆ ಆಗಿದೆ. ಎರಡು ನದಿಗಳ ತವರಿನ ಬುಡದಲ್ಲಿರುವ ಪಟ್ಟಣ ಮಲೆನಾಡಿನ ಮೂರನೆಯ ನದಿಯ ನೀರು ಕುಡಿಯುತ್ತದೆ, ಮತ್ತು ನಗರದ ಅಂಚು ವರ್ಷದಿಂದ ವರ್ಷಕ್ಕೆ ಕಾಡಿನ ಕಡೆಗೆ ಸರಿಯುತ್ತಿದೆ.

ಇದಕ್ಕೆಲ್ಲ ಭಾನುವಾರದ ಸಂಸಾರವನ್ನೇ ಹೊಣೆ ಮಾಡುವುದು ಅನ್ಯಾಯ. ಆದರೆ ಕಾರಿನ ಗಾಜಿನೊಳಗಿಂದ ನೋಡಿದ ಬೆಟ್ಟದ ಬಗ್ಗೆ ಮುಂದೊಂದು ದಿನ ದನಿ ಎತ್ತುವವರು ಯಾರೂ ಇರುವುದಿಲ್ಲ ಎಂಬುದೂ ಅಷ್ಟೇ ನಿಜ. ಬಿರುಕಿನಲ್ಲಿ ಒಸರುವ ನೀರು, ಬಂದರಿಕೆಯ ಎಲೆಯ ಅಂಟು, ಆನೆ ಬಿದ್ದಿತೆನ್ನಲಾದ ಕೊರಕಲು, ಇವು ನಡೆದವರಿಗೆ ಮಾತ್ರ ಗೊತ್ತಾಗುತ್ತವೆ. ಆದ್ದರಿಂದ ಸಂಬಂಧಪಟ್ಟವರು ಭಾನುವಾರ ಮಧ್ಯಾಹ್ನದವರೆಗೆ ವಾಹನಗಳನ್ನು ಬೆಟ್ಟದ ಕೆಳಗೇ ನಿಲ್ಲಿಸಿ, ನಡೆಯಲಾರದವರಿಗೆಂದು ಒಂದು ಸಣ್ಣ ಬಸ್ಸು ಓಡಿಸಿ ನೋಡಬೇಕು. ಅಂಥ ಆದೇಶ ಬರುವವರೆಗೆ ಕಾಯದೆ, ಕೋರದಿಂದಲೋ ಗುಬ್ಬಿಯಿಂದಲೋ ಹೊರಟ ಸಂಸಾರಗಳು ಭೋಗನರಸಿಂಹನ ಗುಡಿಯ ಬಳಿಯೇ ಇಳಿದು, ಮಕ್ಕಳ ಕೈಹಿಡಿದು ಮೇಲೆ ಹತ್ತಲಿ, ಮಂಗಕ್ಕೆ ಏನನ್ನೂ ಕೊಡದಿರಲಿ, ಮೇಷ್ಟ್ರು ಜೊತೆಗಿದ್ದರೆ ಅವರ ಮಾತು ಮುಗಿಯುವವರೆಗೆ ನಿಂತು ಕೇಳಲಿ.