ರುದ್ರಪಟ್ಟಣದಿಂದ ಕೂಡಿಗೆಗೆ, ಒಂದು ಟ್ರಂಕಿನ ಜೊತೆ

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆಲ್ಲ ಕಾರಿನ ಡಿಕ್ಕಿಯಲ್ಲಿ ಕಪ್ಪು ಟ್ರಂಕು ಕೂತಾಗಿತ್ತು. ಟ್ರಂಕಿನ ಯಜಮಾನ ಮಾತ್ರ ಹಿತ್ತಲ ಕಟ್ಟೆ ಬಿಟ್ಟು ಎದ್ದಿರಲಿಲ್ಲ. ಅಕ್ಕನ ಮಗ. ವಯಸ್ಸು ಹನ್ನೊಂದು. ಕೊಡಗಿನ ಸೈನಿಕ ಶಾಲೆಯಲ್ಲಿ ಆರನೇ ಕ್ಲಾಸು. ರಜೆ ಮುಗಿದಿತ್ತು, ಸಂಜೆಯೊಳಗೆ ಅವನನ್ನು ವಾಪಸ್ ಬಿಡಬೇಕಿತ್ತು.

ಅಕ್ಕ ಬರಲ್ಲ ಅಂತ ರಾತ್ರಿಯೇ ಹೇಳಿಬಿಟ್ಟಿದ್ದಳು. "ಹೋದ ಸಲ ಗೇಟಲ್ಲಿ ನಾನೇ ಅತ್ತುಬಿಟ್ಟೆ, ಅವನು ನನ್ನ ಸಮಾಧಾನ ಮಾಡ್ದ. ಈ ಸಲ ನೀವೇ ಹೋಗ್ಬನ್ನಿ" ಅಂದಳು. ಹಾಗಾಗಿ ಡ್ರೈವಿಂಗಿಗೆ ತಮ್ಮ, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಹುಡುಗ ಮತ್ತು ಕೋಡುಬಳೆ ಡಬ್ಬ.

ನಮ್ಮೂರು ರುದ್ರಪಟ್ಟಣ ನಿಮಗೆ ಗೊತ್ತಿದ್ದರೆ ಅದು ಸಂಗೀತದಿಂದಲೇ. ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ಸಣ್ಣ ಊರು. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಇಲ್ಲೇ, 1920ರಲ್ಲಿ. ತಂಬೂರಿಯ ಆಕಾರದಲ್ಲೇ ಕಟ್ಟಿದ ಸಪ್ತಸ್ವರ ದೇವಾಲಯವೂ ಇದೆ. ಇಂಥ ಊರಿನಿಂದ ಒಬ್ಬ ಹುಡುಗ ಪರೇಡಿಗೆ ಹೋಗ್ತಾನೆ ಅಂದರೆ ಅಪ್ಪನಿಗೆ ತಮಾಷೆ. "ಸರಿಗಮ ಊರಲ್ಲಿ ಲೆಫ್ಟ್ ರೈಟು" ಅಂತ ಮೊಮ್ಮಗನನ್ನು ಕೆಣಕುತ್ತಾರೆ. ಆದರೆ ಅವನ ಪ್ರತಿ ಶರ್ಟಿನ ಕಾಲರಿನ ಒಳಗೆ ರೋಲ್ ನಂಬರ್ ಬರೆದು ಕೊಟ್ಟವರೂ ಅವರೇ.

ಕೂಡಿಗೆಗೆ ನಮ್ಮೂರಿಂದ ಒಂದು ಗಂಟೆ ಚಿಲ್ಲರೆ ದಾರಿ. ಹೊಳೆ ಹರಿದು ಬರುವ ದಿಕ್ಕಿಗೆ ಎದುರಾಗಿ ಹೋಗುವುದು. ರಾಮನಾಥಪುರ, ಕೊಣನೂರು, ಶಿರಂಗಾಲ, ಹೆಬ್ಬಾಲೆ, ಆಮೇಲೆ ಕೂಡಿಗೆ. ಎರಡೂ ಕಡೆ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸುವ ಬ್ಯಾರನ್‌ಗಳು, ನಡುವೆ ಶುಂಠಿ. ಶಿರಂಗಾಲ ಬಂದರೆ ಹಾಸನ ಜಿಲ್ಲೆ ಮುಗಿದು ಕೊಡಗು ಶುರು. ಹಾರಂಗಿ ಬಂದು ಕಾವೇರಿಗೆ ಕೂಡುವ ಜಾಗ ಕೂಡಿಗೆ.

ಈ ದಾರಿ ತಮ್ಮನಿಗೆ ಕಣ್ಣು ಮುಚ್ಚಿದರೂ ಗೊತ್ತು. 2009ರಿಂದ ಏಳು ವರ್ಷ ಅವನೂ ಇದೇ ಶಾಲೆಯಲ್ಲಿದ್ದವನು. ಆಗ ಕಾರಿರಲಿಲ್ಲ. ಅಪ್ಪ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ ಕರೆದುಕೊಂಡು ಹೋಗುತ್ತಿದ್ದರು.

ರಾಮನಾಥಪುರ ದಾಟೋವರೆಗೂ ಹುಡುಗ ತುಟಿ ಬಿಚ್ಚಲಿಲ್ಲ. ಅವನನ್ನು ಮಾತಿಗೆಳೆಯೋಣ ಅಂತ ನಾನು, "ನಿಮ್ಮ ಸ್ಕೂಲು ಯಾಕೆ ಶುರು ಮಾಡಿದ್ರು ಗೊತ್ತೇನೋ?" ಅಂದೆ. "ಆಫೀಸರ್ಸ್ ಮಾಡಕ್ಕೆ" ಅಂದ, ಕಿಟಕಿಯಿಂದ ಕಣ್ಣು ತೆಗೆಯದೆ.

ಉತ್ತರ ಸರಿಯಾದದ್ದೇ. ಅದರ ಹಿಂದಿನ ಕಥೆ ಮಾತ್ರ ಸ್ವಲ್ಪ ಉದ್ದ. ಹುಡುಗರಿಗೆ ಮಿಲಿಟರಿ ಶಾಲೆ ಅನ್ನೋದು ಬ್ರಿಟಿಷರ ಕಾಲದ್ದು. ಕಿಂಗ್ ಜಾರ್ಜ್ ಹೆಸರಿನ ಶಾಲೆಗಳು 1920ರ ದಶಕದಲ್ಲಿ ಉತ್ತರದಲ್ಲಿ ಶುರುವಾದವು, ಜವಾನರ ಮಕ್ಕಳಿಗೆ ಅಂತ. ನಮ್ಮ ಕಡೆಗೆ ಬಂದದ್ದು ತಡವಾಗಿ, ಬೆಳಗಾವಿಗೆ 1945ರಲ್ಲಿ, ಬೆಂಗಳೂರಿಗೆ 1946ರಲ್ಲಿ. 1952ರಲ್ಲಿ ಅಧಿಕಾರಿಗಳ ಮತ್ತು ನಾಗರಿಕರ ಮಕ್ಕಳಿಗೂ ಬಾಗಿಲು ತೆರೆಯಿತು. ಹೊಸೂರು ರಸ್ತೆಯಲ್ಲಿ ಓಡಾಡುವವರು ರಾಷ್ಟ್ರೀಯ ಮಿಲಿಟರಿ ಶಾಲೆ ಅನ್ನೋ ಬೋರ್ಡು ನೋಡಿರುತ್ತೀರಿ. ಆ ಬೆಂಗಳೂರಿನ ಶಾಲೆ ಅದೇ.

ಸೈನಿಕ ಶಾಲೆ ಬೇರೆ. ಎರಡನ್ನೂ ಒಂದೇ ಅಂದುಕೊಂಡು ತಪ್ಪು ಫಾರಂ ತುಂಬುವವರು ಈಗಲೂ ಇದ್ದಾರೆ. ಸೈನಿಕ ಶಾಲೆಗಳು ಬಂದದ್ದು 1961ರಲ್ಲಿ, ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದಾಗ. ಸೇನೆಯ ಅಧಿಕಾರಿಗಳೆಲ್ಲ ಕೆಲವೇ ಪ್ರಾಂತ್ಯಗಳಿಂದ, ಕೆಲವೇ ಬಗೆಯ ಮನೆಗಳಿಂದ ಬರುತ್ತಿದ್ದರು. ಅದನ್ನು ಸರಿಮಾಡಬೇಕು, ಸಾಮಾನ್ಯ ಮನೆಯ ಹುಡುಗನೂ ಎನ್‌ಡಿಎ ತಲುಪಬೇಕು ಅನ್ನೋದು ಲೆಕ್ಕಾಚಾರ. ಮೊದಲ ಶಾಲೆ ಮಹಾರಾಷ್ಟ್ರದ ಸಾತಾರಾ. ಕರ್ನಾಟಕಕ್ಕೆ 1963ರಲ್ಲಿ ವಿಜಯಪುರದ ಶಾಲೆ ಬಂತು. ಅಲ್ಲಿನ ಹೌಸುಗಳ ಹೆಸರು ನನಗೆ ತುಂಬ ಇಷ್ಟ. ಆದಿಲ್‌ಶಾಹಿ, ಚಾಲುಕ್ಯ, ಹೊಯ್ಸಳ, ರಾಷ್ಟ್ರಕೂಟ, ವಿಜಯನಗರ, ಒಡೆಯರ್. ನಿಜದಲ್ಲಿ ಒಬ್ಬರಿಗೊಬ್ಬರು ಕತ್ತಿ ಎತ್ತಿದವರೆಲ್ಲ ಇಲ್ಲಿ ವಾಲಿಬಾಲ್ ಆಡುತ್ತಾರೆ! 2022ರಲ್ಲಿ ಸೇನೆಯ ಉಪ ಮುಖ್ಯಸ್ಥರಾದ ಬಿ.ಎಸ್. ರಾಜು, ಕಾರ್ಗಿಲ್‌ನಲ್ಲಿ ತೋಲೋಲಿಂಗ್ ಗೆದ್ದ ಪಡೆಯ ಮುಂದಾಳು ಎಂ.ಬಿ. ರವೀಂದ್ರನಾಥ್, ಇಬ್ಬರೂ ಅಲ್ಲಿ ಓದಿದವರು.

ಕೊಡಗಿಗೆ ಎರಡನೇ ಶಾಲೆ ಬಂದದ್ದು 2007ರ ಅಕ್ಟೋಬರ್ 18ಕ್ಕೆ, ವಿಜಯಪುರದ ಶಾಲೆ ಬಂದ 44 ವರ್ಷಕ್ಕೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಅಷ್ಟು ಕಾಯಬೇಕಾಯಿತು.

ಕೊಣನೂರಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಹುಡುಗ ಇಳಿಯಲಿಲ್ಲ. ತಮ್ಮ ಬಿಸಿ ಬಜ್ಜಿ ತಂದು ಕಿಟಕಿಯಿಂದ ಕೊಟ್ಟ. ಅರ್ಧ ಬಜ್ಜಿ ಆದಮೇಲೆ ಹಿಂದಿನಿಂದ ಪ್ರಶ್ನೆ ಬಂತು.

"ಮಾಮ, ನೀನು ಎನ್‌ಡಿಎ ಆಗ್ಲಿಲ್ವಲ್ಲ. ಹಾಗಾದ್ರೆ ಏಳು ವರ್ಷ ವೇಸ್ಟಾ?"

ನಾನು ಟೀ ಲೋಟದೊಳಗೇ ನೋಡುತ್ತ ಕೂತೆ. ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ಎತ್ತಲ್ಲ. ತಮ್ಮ ಲಿಖಿತ ಪರೀಕ್ಷೆ ಪಾಸಾಗಿದ್ದ. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600, ಒಟ್ಟು 900 ಅಂಕದ ಪರೀಕ್ಷೆ. ಆಮೇಲೆ ಎಸ್‌ಎಸ್‌ಬಿ ಸಂದರ್ಶನ, ಅದಕ್ಕೂ 900. ಐದು ದಿನ ನಡೆಯುತ್ತದೆ. ಮೊದಲ ದಿನವೇ ಜರಡಿ ಹಿಡಿಯುತ್ತಾರೆ, ಅದರಲ್ಲಿ ಉಳಿದವರಿಗೆ ಮಾತ್ರ ಮಿಕ್ಕ ನಾಲ್ಕು ದಿನ. ತಮ್ಮ ಮೊದಲ ದಿನ ಮಧ್ಯಾಹ್ನವೇ ಬ್ಯಾಗ್ ಹಿಡಿದು ಹೊರಗೆ ಬಂದ. ಊರಿಗೆ ಬಂದವನು ಒಂದು ವಾರ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಎರಡನೇ ಸಲ ಹೋಗಲಿಲ್ಲ. ಇಂಜಿನಿಯರಿಂಗ್ ಸೇರಿದ. ಈಗ ಬೆಂಗಳೂರಲ್ಲಿ ನನ್ನ ಹಾಗೇ ಲ್ಯಾಪ್‌ಟಾಪ್ ಮುಂದೆ.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮ ಬ್ಯಾಚಲ್ಲೂ ಆಫೀಸರ್ ಆಗದೇ ಇರೋರೇ ಜಾಸ್ತಿ ಕಣೋ" ಅಂದ. "ಆಗ್ಲೇಬೇಕು ಅಂತ ಯಾರೂ ಬಾಂಡ್ ಬರೆಸ್ಕೊಳ್ಳಲ್ಲ. ಆಗ್ಲಿಲ್ಲ ಅಂತ ಬೇಜಾರಾಗತ್ತೆ. ಸುಳ್ಳು ಯಾಕೆ ಹೇಳ್ಲಿ, ನಂಗೆ ಈಗ್ಲೂ ಜನವರಿ 26ರ ಪರೇಡು ಟಿವೀಲಿ ಬಂದ್ರೆ ನೋಡಕ್ಕಾಗಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ವೇಸ್ಟು ಅಂತ ಹೇಗೆ ಹೇಳ್ಲಿ?" ಅಂದ.

ಆಮೇಲೆ ಕಾರು ಸ್ಟಾರ್ಟ್ ಮಾಡಿ ಶಾಲೆಯ ಕಥೆ ಶುರು ಮಾಡಿದ. ಬೆಳಕು ಹರಿಯೋ ಮೊದಲೇ ಎದ್ದು ಪಿಟಿ. ಚಳಿಗಾಲದಲ್ಲಿ ಹೊಳೆ ಕಡೆಯಿಂದ ಬರೋ ಮಂಜಿನಲ್ಲಿ ಮುಂದೆ ಓಡೋನ ಬೆನ್ನು ಕಾಣದು. ಹಾಸಿಗೆಯ ಹೊದಿಕೆಯಲ್ಲಿ ಒಂದು ಸುಕ್ಕಿದ್ದರೂ ಮತ್ತೆ ಮಡಚಬೇಕು. ಶೂ ಪಾಲಿಶ್, ಮೆಸ್ಸು, ಕ್ಲಾಸು, ಸಂಜೆ ಆಟ, ರಾತ್ರಿ ಪ್ರೆಪ್ಪು ಅಂದರೆ ಎಲ್ಲರೂ ಒಟ್ಟಿಗೆ ಕೂತು ಓದೋದು, ಆಮೇಲೆ ಲೈಟ್ಸ್ ಆಫ್. ಮೊಬೈಲ್ ಇಲ್ಲ. ನಾವು ದಿನಕ್ಕೆ ನೂರು ಸಲ ಫೋನ್ ನೋಡುವವರು, ಇದನ್ನು ಕೇಳಿ ನನಗೇ ಹೊಟ್ಟೆಯಲ್ಲಿ ಏನೋ ಆಯಿತು.

"ಮೊದಲ ವರ್ಷ ಲೈಟ್ಸ್ ಆಫ್ ಆದ್ಮೇಲೆ ಡಾರ್ಮಿಟರಿ ತುಂಬ ಮೂಗು ಎಳ್ಕೊಳ್ಳೋ ಸದ್ದು. ನನ್ನ ಪಕ್ಕದ ಮಂಚದಲ್ಲಿ ಬಿಹಾರದ ಹುಡುಗ. ಅವನಿಗೆ ಕನ್ನಡ ಬರಲ್ಲ, ನಂಗೆ ಹಿಂದಿ ಬರಲ್ಲ. ಇಬ್ರೂ ಅಳೋದು ಮಾತ್ರ ಒಂದೇ ಭಾಷೇಲಿ."

ಹುಡುಗ ಮೊದಲ ಸಲ ನಕ್ಕ. ಸೀಟುಗಳಲ್ಲಿ 67 ಶೇಕಡಾ ಆಯಾ ರಾಜ್ಯದವರಿಗೆ, ಉಳಿದ 33 ಹೊರಗಿನವರಿಗೆ. ಹಾಗಾಗಿ ಅವನ ಡಾರ್ಮಿಟರಿಯಲ್ಲೂ ಇಂಥ ಒಬ್ಬ ಇದ್ದಾನಂತೆ, 'ಊಟ ಆಯ್ತಾ' ಅನ್ನೋದನ್ನು ದಿನವಿಡೀ ಎಲ್ಲರಿಗೂ ಕೇಳುತ್ತಾ ಇರುತ್ತಾನಂತೆ.

ಇಷ್ಟು ಕೇಳಿದ ಮೇಲೂ ಹತ್ತು ವರ್ಷದ ಮಕ್ಕಳನ್ನು ಹೀಗೆ ಕಳಿಸೋದು ಸರಿಯಾ ಅನ್ನೋದು ನನಗೆ ತೀರ್ಮಾನವಾಗಿಲ್ಲ. ಪ್ರವೇಶ ಪರೀಕ್ಷೆಗೆ ವಯಸ್ಸು ಹತ್ತರಿಂದ ಹನ್ನೆರಡು. ಆರನೇ ಕ್ಲಾಸಿನದ್ದನ್ನು ಕನ್ನಡದಲ್ಲೇ ಬರೆಯಬಹುದು (ಇದು ಎಷ್ಟೋ ಹಳ್ಳಿ ಮನೆಗಳಿಗೆ ಗೊತ್ತಿಲ್ಲ). 300 ಅಂಕ, ಅದರಲ್ಲಿ ಅರ್ಧ ಗಣಿತ. ಅದಕ್ಕಾಗಿ ನಾಲ್ಕನೇ ಕ್ಲಾಸಿನಿಂದಲೇ ಕೋಚಿಂಗಿಗೆ ಹಾಕುವವರಿದ್ದಾರೆ. ಪರೀಕ್ಷೆ ಬರೆಯೋದು ಮಗು, ಆಸೆ ಯಾರದ್ದು? ಜನರಲ್ ತಿಮ್ಮಯ್ಯ ಅವರನ್ನೂ ಎಂಟನೇ ವಯಸ್ಸಿಗೆ ಮಡಿಕೇರಿಯಿಂದ ಕೂನೂರಿನ ಬೋರ್ಡಿಂಗ್ ಶಾಲೆಗೆ ಕಳಿಸಿದ್ದರು. ಅವರ ಮಡಿಕೇರಿಯ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ. ಅಲ್ಲಿ ಹೋದಾಗ ಎಲ್ಲರೂ ಹೊರಗಿನ ಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಆ ಎಂಟು ವರ್ಷದ ಹುಡುಗ ಮನೆ ಮೆಟ್ಟಿಲು ಇಳಿದ ದಿನವೇ ಕಣ್ಣಿಗೆ ಕಟ್ಟುತ್ತಿತ್ತು.

ಇನ್ನೊಂದು ಹೇಳಲೇಬೇಕು. ತಮ್ಮ ಸೇರಿದಾಗ ನನಗೂ ಆ ಶಾಲೆಯ ಮೇಲೆ ಆಸೆಯಿತ್ತು. ಯೂನಿಫಾರಂ ನೋಡಿ ಹುಟ್ಟಿದ ಆಸೆ ಅನ್ನಿ. "ಹುಡುಗರಿಗೆ ಮಾತ್ರ ಕಣಮ್ಮ" ಅಂದಿದ್ದರು ಅಪ್ಪ. ಹೆಣ್ಣುಮಕ್ಕಳಿಗೆ 1969ರಿಂದಲೇ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಸೈನಿಕ ಶಾಲೆ ಇತ್ತು. ನಮಗೆ ಹೇಳುವವರು ಇರಲಿಲ್ಲ. 2020-21ರಲ್ಲಿ ಕೊಡಗು, ವಿಜಯಪುರ ಎರಡೂ ಹುಡುಗಿಯರನ್ನು ಸೇರಿಸಿಕೊಳ್ಳಲು ಶುರು ಮಾಡಿದವು. 2025ರ ಮೇ ತಿಂಗಳಲ್ಲಿ ಎನ್‌ಡಿಎಯಿಂದಲೇ ಮೊದಲ ತಂಡದ 17 ಯುವತಿಯರು ಹೊರಬಂದರು. ಆ ವಿಡಿಯೋ ನಾನು ಆಫೀಸಿನ ಕ್ಯಾಂಟೀನಲ್ಲಿ ಕೂತು ಎರಡು ಸಲ ನೋಡಿದೆ.

ಗೇಟು ಬಂತು. ಅಪ್ಪ ಅಮ್ಮಂದಿರ ಕಾರುಗಳ ಸಾಲು, ನಂಬರ್ ಪ್ಲೇಟಿನಲ್ಲಿ ಇಡೀ ಕರ್ನಾಟಕ. ಟ್ರಂಕು ಇಳಿಸಿದೆವು. ತಮ್ಮ ಅವನ ಕಾಲರ್ ಸರಿಮಾಡಿದ, ಶೂ ಲೇಸು ನೋಡಿದ, ಏನೂ ಹೇಳಲಿಲ್ಲ. ಹುಡುಗ ನನ್ನ ಕಾಲು ಮುಟ್ಟಿ, "ಚಿಕ್ಕಿ, ಅಮ್ಮಂಗೆ ಅಳಲಿಲ್ಲ ಅಂತ ಹೇಳು" ಅಂದ. ಅತ್ತಿರಲಿಲ್ಲ, ನಿಜ. ಅಷ್ಟರಲ್ಲಿ ಯಾರೋ ಅವನ ಹೆಸರು ಕೂಗಿದರು. ಟ್ರಂಕಿನ ಒಂದು ಹಿಡಿ ಇವನು, ಇನ್ನೊಂದು ಹಿಡಿ ಆ ಸ್ನೇಹಿತ. ಇಬ್ಬರೂ ವಾಲಾಡುತ್ತ ಹೋದರು.

ವಾಪಸ್ ಬರುವಾಗ ಶಿರಂಗಾಲದ ಹತ್ತಿರ ಹಿಂದಿನ ಸೀಟಿನಲ್ಲಿದ್ದ ನೀರಿನ ಬಾಟಲಿಗೆ ಕೈ ಹಾಕಿದೆ. ಬೆರಳಿಗೆ ಏನೋ ತಾಕಿತು. ಕೆಂಪು ದಾರ ಕಟ್ಟಿದ ಸಣ್ಣ ಕೀ, ಟ್ರಂಕಿನ ಬೀಗದ್ದು. ಸೀಟಿನ ಸಂದಿಯಲ್ಲಿ ನೀಟಾಗಿ ಸಿಕ್ಕಿಸಿಟ್ಟಿದ್ದ.

"ಅಯ್ಯೋ, ಮರೆತುಬಿಟ್ಟಿದ್ದಾನೆ!" ಅಂದೆ.

ತಮ್ಮ ಕನ್ನಡಿಯಲ್ಲಿ ಕೀ ನೋಡಿದ. "ಮರೆತಿಲ್ಲ ಅಕ್ಕಾ. ನಾನೂ ಎರಡು ಸಲ ಹೀಗೇ ಮಾಡಿದ್ದೆ. ಅಪ್ಪ ಕೊಣನೂರಿಂದ ಬಸ್ಸಲ್ಲಿ ವಾಪಸ್ ಬಂದಿದ್ರು" ಅಂದ.

ಇಂಡಿಕೇಟರ್ ಹಾಕಿ ಗಾಡಿ ತಿರುಗಿಸಿದ. ಕೋಡುಬಳೆ ಡಬ್ಬವೂ ಹಿಂದೆಯೇ ಉಳಿದಿತ್ತು. ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡೆ.